ನಿನ್ನ ಬಳಿ ಎಷ್ಟು ವರ್ಷಗಳಿವೆ?

ಅನುವಾದದ ಕಷ್ಟವನ್ನು ಕುರಿತು ಮಾತು ಬಂದಾಗಲೆಲ್ಲ ನಮ್ಮ ವಿದ್ವಾಂಸರು ಕಾವ್ಯದ ಕಡೆಗೆ ಕೈ ತೋರಿಸುವುದು ವಾಡಿಕೆ. ಶ್ಲೇಷೆ ಹೇಗೆ ಕೈಬಿಟ್ಟುಹೋಗುತ್ತದೆ, ಛಂದಸ್ಸು ಹೇಗೆ ಮುರಿಯುತ್ತದೆ, ಧ್ವನಿ ಹೇಗೆ ಆವಿಯಾಗುತ್ತದೆ ಎಂಬುದನ್ನು ಅವರು ಸೊಗಸಾಗಿ ವಿವರಿಸುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಾವ್ಯವನ್ನು ಅನುವಾದಿಸುವವನಿಗೆ ಕಾಲಾವಕಾಶವಿದೆ, ನಿಘಂಟಿದೆ, ತಪ್ಪಿದರೆ ಎರಡನೆಯ ಮುದ್ರಣವಿದೆ. ‘ಹೆಸರೇನು?’, ‘ವಯಸ್ಸೆಷ್ಟು?’, ‘ಏನಾಗಿದೆ?’, ‘ಊಟವಾಯಿತೇ?’ ಎಂಬ ಮಾತುಗಳನ್ನು ಅನುವಾದಿಸುವವನಿಗೆ ಇದಾವುದೂ ಇಲ್ಲ. ಭಾಷಾಂತರದ ನಿಜವಾದ ಪರೀಕ್ಷೆ ನಡೆಯುವುದು ಈ ಸಣ್ಣ ಪ್ರಶ್ನೆಗಳಲ್ಲಿಯೇ ಎಂಬುದು ಈಚೆಗೆ ನನಗೆ ಮೂಡಿರುವ ಅಭಿಪ್ರಾಯ. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೂವತ್ತು ವರ್ಷ ಇಂಗ್ಲಿಷ್ ಬೋಧಿಸಿ ನಿವೃತ್ತನಾದ ಮೇಲೆ ನಾನು ಸ್ಪ್ಯಾನಿಷ್ ಕಲಿಯಲು ಹೊರಟೆ. ಸೆರ್ವಾಂಟೆಸ್‌ನನ್ನು ಮೂಲದಲ್ಲಿ ಓದಬೇಕೆಂಬುದು ತಾರುಣ್ಯದ ಆಸೆ. ತಾರುಣ್ಯ ಹೋದರೂ ಆಸೆ ಹೋಗಿರಲಿಲ್ಲ. ಬೆಂಗಳೂರಿನ ಒಂದು ಸಂಜೆ ತರಗತಿಗೆ ಸೇರಿದೆ. ನಮ್ಮ ಉಪಾಧ್ಯಾಯಿನಿ ನನಗಿಂತ ವಯಸ್ಸಿನಲ್ಲಿ ಮೂವತ್ತು ವರ್ಷ ಚಿಕ್ಕವರು. ಮೊದಲ ವಾರವೇ ಅವರು ಇಪ್ಪತ್ತು ದೈನಂದಿನ ಪ್ರಶ್ನೆಗಳನ್ನು ಕೊಟ್ಟು, ಇಂಗ್ಲಿಷಿಗೆ ಮಾಡಿಕೊಂಡು ಬನ್ನಿ ಎಂದರು. ಇಂಗ್ಲಿಷ್ ಮೇಷ್ಟರಾಗಿದ್ದ ನನಗೆ ಇದೊಂದು ಲೆಕ್ಕವೇ ಎಂದುಕೊಂಡು ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಮುಗಿಸಿದೆ. ಮಾರನೆಯ ದಿನ ನನ್ನ ಪುಸ್ತಕ ಕೆಂಪು ಶಾಯಿಯಲ್ಲಿ ಮಿಂದು ಬಂತು. ‘ಕ್ವಾಂತೊಸ್ ಆನ್ಯೊಸ್ ತ್ಯೇನೆಸ್?’ ಎಂಬ ಪ್ರಶ್ನೆಯನ್ನು ನಾನು ಪದಕ್ಕೆ ಪದವಿಟ್ಟು ‘ಹೌ ಮೆನಿ ಇಯರ್ಸ್ ಡು ಯೂ ಹ್ಯಾವ್?’ ಎಂದು ಬರೆದಿದ್ದೆ. ಅವರು ನಕ್ಕು, “ಸಾರ್, ಇದನ್ನು ಯಾರಾದರೂ ತಮಗೇ ಕೇಳಿದರೆ ತಾವು ಏನೆಂದು ತಿಳಿಯುತ್ತೀರಿ?” ಎಂದರು. ಯೋಚಿಸಿದೆ. ನನಗೆ ಇನ್ನೆಷ್ಟು ವರ್ಷ ಆಯುಸ್ಸು ಉಳಿದಿದೆ ಎಂದು ಕೇಳಿದಂತೆಯೇ ತೋರಿತು. ಅರವತ್ತೆರಡರ ಮನುಷ್ಯನನ್ನು ಕೇಳಬಾರದ ಪ್ರಶ್ನೆ!

ಸ್ಪ್ಯಾನಿಷರಿಗೆ ವಯಸ್ಸು ಒಂದು ಸೊತ್ತು. ಅವರು ವರ್ಷಗಳನ್ನು ‘ಹೊಂದಿರುತ್ತಾರೆ’. ಇಂಗ್ಲಿಷರಿಗೆ ವಯಸ್ಸು ಒಂದು ಗುಣ. ಅವರು ಇಷ್ಟು ‘ಮುದುಕರಾಗಿ’ ಇರುತ್ತಾರೆ. ತೊಟ್ಟಿಲ ಕೂಸನ್ನು ಕುರಿತು ಕೇಳುವಾಗಲೂ ಅವರಿಗೆ ‘ಓಲ್ಡ್’ ಎಂಬ ಪದವೇ ಬೇಕು. ನಮಗೋ, ವಯಸ್ಸು ಬಂದೊದಗುವ ಸಂಗತಿ. ‘ನಿನಗೆ ಎಷ್ಟು ವರ್ಷ?’ ಎಂದು ಚತುರ್ಥಿ ವಿಭಕ್ತಿಯಲ್ಲಿ ಕೇಳುತ್ತೇವೆ. ಮೂರು ಜನಾಂಗಗಳು ಒಂದೇ ಸಂಗತಿಯನ್ನು ಮೂರು ಕಡೆಯಿಂದ ನೋಡಿವೆ. ಯಾವುದು ಸರಿ ಎಂಬ ಚರ್ಚೆ ವ್ಯರ್ಥ. ಕೇಳಿದವನಿಗೆ ಬೇಕಾಗಿರುವುದು ಒಂದು ಅಂಕಿ. ಆ ಅಂಕಿಯನ್ನು ತಂದುಕೊಡುವ ಪ್ರಶ್ನೆಯೇ ಸರಿಯಾದ ಅನುವಾದ.

ಇದೇ ಬಗೆಯ ಉದಾಹರಣೆಗಳು ಬೇಕಾದಷ್ಟಿವೆ. ‘ಕೋಮೊ ತೆ ಯಾಮಾಸ್?’ ಎಂಬುದರ ಪದಾರ್ಥ, ‘ನಿನ್ನನ್ನು ನೀನು ಹೇಗೆ ಕರೆದುಕೊಳ್ಳುತ್ತೀಯೆ?’ ಅದರ ಕೆಲಸ, ‘ನಿನ್ನ ಹೆಸರೇನು?’ ‘ಕ್ವಾಂತೊ ತ್ಯೇಂಪೊ ಯೇವಾಸ್ ಆಕಿ?’ ಎಂಬುದರ ಪದಾರ್ಥ, ‘ಇಲ್ಲಿ ಎಷ್ಟು ಕಾಲವನ್ನು ಹೊರುತ್ತಿದ್ದೀಯೆ?’ ಪರಸ್ಥಳಕ್ಕೆ ಬಂದವನು ಕಾಲವನ್ನು ಹೆಗಲ ಮೇಲೆ ಹೊತ್ತಿರುತ್ತಾನೆ ಎಂಬ ಭಾವನೆ ಸುಂದರವಾದದ್ದೇ; ಆದರೆ ಕೇಳುವ ಸ್ಪ್ಯಾನಿಷನಿಗೆ ಆ ಸೌಂದರ್ಯದ ನೆನಪೂ ಇಲ್ಲ. ಅವನು ಕೇಳುತ್ತಿರುವುದು, ‘ಬಂದು ಎಷ್ಟು ದಿನವಾಯಿತು?’ ಎಂದಷ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹೌ ಲಾಂಗ್ ಹ್ಯಾವ್ ಯೂ ಬೀನ್ ಹಿಯರ್?’ ಎನ್ನಬೇಕು, ಸ್ಪ್ಯಾನಿಷಿನ ವರ್ತಮಾನಕಾಲದ ಒಂದು ಸರಳ ಕ್ರಿಯಾಪದಕ್ಕೆ ಇಂಗ್ಲಿಷಿನ ಪೂರ್ಣ ವರ್ತಮಾನವೆಂಬ ಜಟಿಲ ರೂಪ ಬೇಕು. ‘ಕೋಮೊ ಎಸ್ತಾ ತು ಎರ್ಮಾನೊ?’ ಎಂದರೆ ನಿನ್ನ ಅಣ್ಣ ಹೇಗಿದ್ದಾನೆ ಎಂದು. ‘ಕೋಮೊ ಎಸ್ ತು ಎರ್ಮಾನೊ?’ ಎಂದರೆ ನಿನ್ನ ಅಣ್ಣ ಎಂಥವನು ಎಂದು. ಒಂದಕ್ಕೆ ಉತ್ತರ ‘ಜ್ವರ ಬಿಟ್ಟಿದೆ’. ಇನ್ನೊಂದಕ್ಕೆ ಉತ್ತರ ‘ಎತ್ತರದ ಆಳು, ಸ್ವಲ್ಪ ಮುಂಗೋಪಿ’. ಎರಡನ್ನೂ ‘ಹೌ ಈಸ್ ಯುವರ್ ಬ್ರದರ್?’ ಎಂದುಬಿಡುವ ವಿದ್ಯಾರ್ಥಿ ಮುಂಗೋಪಿಯ ವಿಚಾರ ಕೇಳಬೇಕಾದಲ್ಲಿ ಜ್ವರದ ವಿಚಾರ ಕೇಳುತ್ತಾನೆ.

ಇಲ್ಲಿ ಒಂದು ವಿಷಯ ನನಗೆ ಅಚ್ಚರಿಯನ್ನೂ ಸಂತೋಷವನ್ನೂ ತಂದಿತು. ಸ್ಪ್ಯಾನಿಷಿನ ಈ ತಿರುವುಗಳ ಮುಂದೆ ನನ್ನ ಇಂಗ್ಲಿಷ್ ತಡವರಿಸಿದ ಅನೇಕ ಕಡೆ ನನ್ನ ಕನ್ನಡ ನೆಟ್ಟಗೆ ನಡೆದುಹೋಯಿತು. ‘ತೆ ಗುಸ್ತಾ?’ ಎಂಬಲ್ಲಿ ಇಷ್ಟಪಡುವವನು ಕರ್ತೃವಲ್ಲ. ಇಷ್ಟವಾದ ವಸ್ತುವೇ ಕರ್ತೃ, ಮನುಷ್ಯನಿಗೆ ಅದು ‘ಆಗುತ್ತದೆ’. ‘ಐ ಲೈಕ್’ ಎಂಬುದರಲ್ಲೇ ಬೆಳೆದ ಇಂಗ್ಲಿಷ್ ಹುಡುಗನಿಗೆ ಇದನ್ನು ತಿಳಿಸಲು ಒಂದು ಅಧ್ಯಾಯ ಬೇಕು. ಕನ್ನಡ ಹುಡುಗನಿಗೆ ‘ನಿನಗೆ ಇಷ್ಟವೇ?’ ಎಂಬ ಎರಡು ಪದ ಸಾಕು. ‘ಕೆ ತೆ ಪಾಸಾ?’ ಎಂಬುದನ್ನು ‘ವಾಟ್ ಈಸ್ ದ ಮ್ಯಾಟರ್ ವಿತ್ ಯೂ?’ ಎಂದು ಸುತ್ತಿ ಬಳಸಿ ಹೇಳಬೇಕು, ‘ನಿನಗೇನಾಗಿದೆ?’ ಎಂದರೆ ಕನ್ನಡದಲ್ಲಿ ಅದು ಅಲ್ಲಿಯೇ ಕುಳಿತಿದೆ. ವಾಕ್ಯದ ಕೊನೆಯಲ್ಲಿ ಸ್ಪ್ಯಾನಿಷರು ಸೇರಿಸುವ ‘ವೆರ್ದಾದ್?’ ಎಂಬುದಕ್ಕೆ ನಮ್ಮ ‘ಅಲ್ಲವೇ?’ ಸರಿಯಾದ ಜೋಡಿ. ಇಂಗ್ಲಿಷಿನಲ್ಲಿ ಮಾತ್ರ ಕರ್ತೃವನ್ನೂ ಕಾಲವನ್ನೂ ನೋಡಿ ಆ ಬಾಲವನ್ನು ಪ್ರತಿ ಸಲ ಬೇರೆ ಬೇರೆಯಾಗಿ ಹೆಣೆಯಬೇಕು. ಎಲ್ಲ ವಾಕ್ಯಗಳಿಗೂ ‘ಈಸಂಟ್ ಇಟ್?’ ಎಂದು ಅಂಟಿಸಿ ನಾವು ನಗೆಪಾಟಲಾಗುವುದು ‘ಅಲ್ಲವೇ’ಯ ಪ್ರಭಾವದಿಂದ ಎಂದೇ ನನ್ನ ಊಹೆ.

ಪ್ರಶ್ನೆ ಪ್ರಶ್ನೆಯೆಂದು ತಿಳಿಯುವ ಬಗೆಯೂ ಭಾಷೆಯಿಂದ ಭಾಷೆಗೆ ಬೇರೆ. ಕನ್ನಡದಲ್ಲಿ ಅನೇಕ ವೇಳೆ ವಾಕ್ಯದ ಕೊನೆಯ ಸ್ವರದವರೆಗೂ ಕಾಯಬೇಕು. ‘ಬಂದನು’ ಎಂಬುದು ‘ಬಂದನೇ’ ಆಗುವುದು ತುದಿಯಲ್ಲಿ. ಇಂಗ್ಲಿಷ್ ‘ಡು’ ಎಂಬ ಪರಿಚಾರಕನನ್ನು ಮುಂದೆ ಕಳುಹಿಸಿ ಮೊದಲೇ ಸೂಚನೆ ಕೊಡುತ್ತದೆ. ಸ್ಪ್ಯಾನಿಷಿನಲ್ಲಿ ಹೌದು ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೂ ಸಾದಾ ಹೇಳಿಕೆಗೂ ಅನೇಕ ವೇಳೆ ಪದಗಳಲ್ಲಿ ವ್ಯತ್ಯಾಸವೇ ಇಲ್ಲ. ಇರುವುದು ದನಿಯ ಏರಿಳಿತದಲ್ಲಿ. ಆದ್ದರಿಂದಲೇ ಬರಹದಲ್ಲಿ ಓದುಗನು ಮೋಸಹೋಗದಿರಲೆಂದು, 1713ರಲ್ಲಿ ಸ್ಥಾಪಿತವಾದ ಸ್ಪೇನಿನ ರಾಜ ಅಕಾಡೆಮಿ 1754ರ ತನ್ನ ಕಾಗುಣಿತ ಗ್ರಂಥದಲ್ಲಿ, ಪ್ರಶ್ನೆಯ ಮೊದಲಲ್ಲೂ ಒಂದು ತಲೆಕೆಳಗಾದ ಚಿಹ್ನೆಯನ್ನು ಇಡಬೇಕೆಂದು ಹೇಳಿತು. ಮೊದಲು ಅದು ದೀರ್ಘ ವಾಕ್ಯಗಳಿಗೆ ಹೇಳಿದ ಮಾತು. ಮುಂದೆ ಎಲ್ಲ ಪ್ರಶ್ನೆಗಳಿಗೂ ನಿಯಮವಾಯಿತು. ‘ಎಚ್ಚರ, ಮುಂದೆ ಪ್ರಶ್ನೆಯಿದೆ’ ಎಂದು ದಾರಿಯಲ್ಲಿ ಫಲಕ ನೆಟ್ಟಂತೆ. ಅನುವಾದಕನ ಮನಸ್ಸಿನಲ್ಲೂ ಅಂಥದೊಂದು ಫಲಕವಿರುವುದು ಒಳ್ಳೆಯದು.

ಈ ಸಂಕಟ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿಗೂ ಸ್ಪೇನಿಗೂ ವೈರ ಉರಿಯುತ್ತಿದ್ದ 1599ರಲ್ಲೇ ಜಾನ್ ಮಿನ್‌ಶ್ಯೂ ಎಂಬ ಲಂಡನ್ನಿನ ಅಧ್ಯಾಪಕನು ಸ್ಪ್ಯಾನಿಷ್ ನಿಘಂಟು, ವ್ಯಾಕರಣಗಳ ಜೊತೆಗೆ, ಎರಡು ಭಾಷೆಗಳಲ್ಲಿ ಸಂಭಾಷಣೆಗಳನ್ನು ಅಚ್ಚು ಹಾಕಿಸಿದ. ಅದರ ಮೊದಲ ಸಂಭಾಷಣೆ ಬೆಳಗಿನ ಹೊತ್ತು ಹಾಸಿಗೆ ಬಿಟ್ಟೇಳುವುದನ್ನು ಕುರಿತದ್ದು. ಭಾಷೆ ಕಲಿಯುವುದು ಮನೆಯ ಮಾತಿನಿಂದ ಎಂಬುದು ಅವನಿಗೆ ತಿಳಿದಿತ್ತು. ಇದಾದ ಹದಿಮೂರು ವರ್ಷಕ್ಕೆ, 1612ರಲ್ಲಿ, ಥಾಮಸ್ ಶೆಲ್ಟನ್ ‘ಡಾನ್ ಕ್ವಿಕ್ಸೋಟ್’ನ ಮೊದಲ ಭಾಗವನ್ನು ಇಂಗ್ಲಿಷಿಗೆ ತಂದ. ಜೀವಂತವಾದ ಅನುವಾದವೆಂದು ಅದಕ್ಕೆ ಹೆಸರಿದೆ. ಆದರೂ ಘಟನೆಗಳು ಎಂಬರ್ಥದ ‘ಸುಸೇಸೊಸ್’ ಎಂಬ ಪದವನ್ನು ಅವನು ಇಂಗ್ಲಿಷಿನ ‘ಸಕ್ಸೆಸಸ್’ ಎಂದು ಬರೆದದ್ದನ್ನು ವಿಮರ್ಶಕರು ಇಂದಿಗೂ ಎತ್ತಿ ಆಡುತ್ತಾರೆ. ನೆರೆಯ ಪೋರ್ಚುಗಲ್ಲಿನ ಕಥೆ ಇನ್ನೂ ಸ್ವಾರಸ್ಯ. ಪೇದ್ರೊ ಕರೊಲಿನೊ ಎಂಬಾತನು 1855ರಲ್ಲಿ ಪೋರ್ಚುಗೀಸ್–ಇಂಗ್ಲಿಷ್ ಸಂಭಾಷಣೆಯ ಕೈಪಿಡಿಯೊಂದನ್ನು ಹೊರತಂದ. ಅವನಿಗೆ ಇಂಗ್ಲಿಷ್ ಬಾರದೆಂಬುದು ಪುಟಪುಟದಲ್ಲೂ ಪ್ರಕಟವಾಗುತ್ತದೆ. ವಿದ್ಯಾರ್ಥಿಗಳಿಗೆಂದು ಬರೆದ ಆ ಪುಸ್ತಕವನ್ನು ಜನ ಹಾಸ್ಯಗ್ರಂಥವೆಂದು ಕೊಂಡು ಓದಿದರು. 1883ರ ಅಮೆರಿಕನ್ ಮುದ್ರಣಕ್ಕೆ ಮಾರ್ಕ್ ಟ್ವೇನ್ ಮುನ್ನುಡಿ ಬರೆದ. ಪದಕ್ಕೆ ಪದ ಇಡುವವನ ಪ್ರಾಮಾಣಿಕತೆಗೆ ಲೋಕ ಕೊಡುವ ಬಹುಮಾನ ನಗು.

ಪದ ಸರಿಯಾದ ಮೇಲೂ ಉಳಿಯುವ ಕಷ್ಟ ಗೌರವದ್ದು. ಸ್ಪ್ಯಾನಿಷಿನಲ್ಲಿ ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು ಅಥವಾ ತಾವು. ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಸಂಬೋಧನೆ ಸವೆದು ‘ಉಸ್ತೆದ್’ ಆಯಿತು. ಅದಕ್ಕೇ ಅದು ಇಂದಿಗೂ ಪ್ರಥಮ ಪುರುಷದ ಕ್ರಿಯಾಪದವನ್ನು ಕೂಡಿಕೊಂಡಿದೆ. ಅರ್ಜೆಂಟೀನಾದವರು ‘ತು’ ಬಿಟ್ಟು ‘ವೊಸ್’ ಎನ್ನುತ್ತಾರೆ. ಕೊಲಂಬಿಯಾದ ಕೆಲವು ಕಡೆ ಮನೆಯವರೊಳಗೇ ‘ಉಸ್ತೆದ್’ ಬಳಕೆಯಲ್ಲಿದೆ. ಇಷ್ಟೆಲ್ಲವನ್ನೂ ಇಂಗ್ಲಿಷ್ ‘ಯೂ’ ಎಂಬ ಒಂದೇ ಅಕ್ಷರದ ಚೀಲಕ್ಕೆ ತುಂಬುತ್ತದೆ. ‘ಥೌ’ ಎಂಬ ಏಕವಚನ ಸಾಮಾನ್ಯ ಮಾತಿನಿಂದ ಜಾರಿಹೋದಂದಿನಿಂದ ಆ ಭಾಷೆಗೆ ಈ ಭೇದವನ್ನು ತೋರಿಸುವ ಸುಲಭ ಸಾಧನವಿಲ್ಲ. ಸೊಸೆ ಮಾವನನ್ನು ಕೇಳುವ ‘ಕೋಮೊ ಎಸ್ತಾ?’ ಮತ್ತು ಗೆಳತಿಯನ್ನು ಕೇಳುವ ‘ಕೋಮೊ ಎಸ್ತಾಸ್?’ ಎರಡೂ ಇಂಗ್ಲಿಷಿನಲ್ಲಿ ಒಂದೇ. ‘ವ್ಯೇನೆ ಮಾನ್ಯಾನಾ?’ ಎಂಬ ಎರಡು ಪದದ ಪ್ರಶ್ನೆಗೆ ‘ನಾಳೆ ಅವನು ಬರುತ್ತಾನೆಯೇ?’, ‘ಅವಳು ಬರುತ್ತಾಳೆಯೇ?’, ‘ತಾವು ಬರುತ್ತೀರಾ?’ ಎಂಬ ಮೂರೂ ಅರ್ಥಗಳುಂಟು. ಗೌರವದ ಭೇದವನ್ನು ಕನ್ನಡ ಉಳಿಸಿಕೊಡುತ್ತದೆ, ನಿಜ. ಆದರೆ ಸ್ಪ್ಯಾನಿಷ್ ಕ್ರಿಯಾಪದ ಮರೆಮಾಚಿದ ಗಂಡು ಹೆಣ್ಣನ್ನು ಕನ್ನಡದ ಕ್ರಿಯಾಪದ ಬಯಲು ಮಾಡದೆ ಬಿಡುವುದಿಲ್ಲ. ಹೀಗೆ ಎಲ್ಲ ಭಾಷೆಗೂ ತನ್ನದೇ ಹಠವಿದೆ.

ಈಗ ನನಗಾದ ಒಂದು ಮುಖಭಂಗದ ಕಥೆ. ಟೆಕ್ಸಸ್ಸಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ದಿನ ಅವಳ ಜೊತೆ ಆಸ್ಪತ್ರೆಗೆ ಹೋಗಿ ಹೊರಗೆ ಕಾಯುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಮೆಕ್ಸಿಕೋ ಮೂಲದ ಒಬ್ಬ ಅಜ್ಜಿ, ಹತ್ತು ವರ್ಷದ ಮೊಮ್ಮಗ. ಹೊತ್ತು ಮೀರಿತ್ತು. ಅಜ್ಜಿ ಕೈಚೀಲದಿಂದ ರೊಟ್ಟಿಯ ಪೊಟ್ಟಣ ತೆಗೆದು ಬಿಚ್ಚಿ, ನನ್ನ ಕಡೆ ತಿರುಗಿ ‘ಗುಸ್ತಾ?’ ಎಂದರು. ನನ್ನ ಸ್ಪ್ಯಾನಿಷನ್ನು ನಾನು ಹುಡುಕುತ್ತಿರುವಾಗಲೇ ಹುಡುಗ ಚುರುಕಾಗಿ, ‘ಡು ಯೂ ವಾಂಟ್ ಸಮ್?’ ಎಂದು ಇಂಗ್ಲಿಷಿಗೆ ತಿರುಗಿಸಿದ. ಹಸಿವೂ ಆಗಿತ್ತು, ಬೇಡವೆಂದರೆ ಹಿರಿಯರ ಮನಸ್ಸು ನೊಂದೀತು ಎಂದು ‘ಎಸ್, ಥ್ಯಾಂಕ್ ಯೂ’ ಎಂದೆ. ಅಜ್ಜಿಯ ಮುಖದಲ್ಲಿ ಒಂದು ಕ್ಷಣ ಏನೋ ಸುಳಿದುಹೋಯಿತು. ಆಮೇಲೆ ನಗುತ್ತಲೇ ಅರ್ಧ ರೊಟ್ಟಿಯನ್ನು ನನ್ನ ಕೈಗಿತ್ತರು. ಪೊಟ್ಟಣದಲ್ಲಿ ಇದ್ದದ್ದು ಒಂದೇ ರೊಟ್ಟಿ.

ಊರಿಗೆ ಬಂದ ಮೇಲೆ ಉಪಾಧ್ಯಾಯಿನಿಯವರಿಗೆ ಇದನ್ನು ಹೇಳಿದಾಗ ಅವರು ತಲೆ ಮೇಲೆ ಕೈಹೊತ್ತರು. ಉಣ್ಣುವವನು ಎದುರಿಗಿದ್ದವನಿಗೆ ಹೇಳುವ ಉಪಚಾರದ ಮಾತು ಅದು. ಅದಕ್ಕೆ ವಾಡಿಕೆಯ ಉತ್ತರ ‘ಗ್ರಾಸ್ಯಾಸ್, ಬ್ವೆನ್ ಪ್ರೊವೇಚೊ’, ಎಂದರೆ ‘ಉಪಕಾರ, ತಮಗೆ ಮೈಗೆ ಹತ್ತಲಿ’. ಊಟಕ್ಕೆ ಕುಳಿತವರು ನಮ್ಮಲ್ಲಿ ‘ಬನ್ನಿ, ಊಟ ಮಾಡೋಣ’ ಎನ್ನುತ್ತಾರೆ. ನಾವು ‘ಆಗಲಿ, ನಿಮ್ಮದು ನಡೆಯಲಿ’ ಎನ್ನುತ್ತೇವೆ. ಎಲೆ ಹಾಕಿಸಿಕೊಂಡು ಕುಳಿತುಬಿಡುವುದಿಲ್ಲ. ಆ ಹುಡುಗನ ಅನುವಾದದಲ್ಲಿ ವ್ಯಾಕರಣದೋಷವಿರಲಿಲ್ಲ, ಪದದೋಷವಿರಲಿಲ್ಲ. ದೋಷವಿದ್ದದ್ದು ಅದು ತಂದ ಉತ್ತರದಲ್ಲಿ. ಮೂಲ ಪ್ರಶ್ನೆ ‘ಬೇಡ’ ಎಂಬ ಉತ್ತರಕ್ಕೆ ಸಿದ್ಧವಾಗಿ ಬಂದಿತ್ತು. ಅನುವಾದದ ಪ್ರಶ್ನೆ ‘ಬೇಕು’ ಎಂಬ ಉತ್ತರವನ್ನು ಕರೆಯಿತು. ಅಂದಿನಿಂದ ನಾನು ಇಟ್ಟುಕೊಂಡಿರುವ ಅಳತೆಗೋಲು ಇಷ್ಟೆ: ಮೂಲದ ಪ್ರಶ್ನೆಗೆ ಯಾವ ಉತ್ತರ ಬರುತ್ತಿತ್ತೋ ಅದೇ ಉತ್ತರವನ್ನು ತರುವುದೇ ಒಳ್ಳೆಯ ಅನುವಾದ. ಪ್ರಶ್ನೆಯನ್ನು ನೋಡಿ ಅನುವಾದವನ್ನು ಅಳೆಯಬೇಡಿ. ಉತ್ತರವನ್ನು ನೋಡಿ ಅಳೆಯಿರಿ.

ಅರ್ಧ ರೊಟ್ಟಿಯ ನಷ್ಟ ದೊಡ್ಡದಲ್ಲ. ಆದರೆ ಅದೇ ಆಸ್ಪತ್ರೆಯ ಬಾಗಿಲ ಒಳಗಡೆ ಇದೇ ತಪ್ಪಿನ ಬೆಲೆ ಬೇರೆ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ನಾಲ್ಕು ಕೋಟಿಗೂ ಹೆಚ್ಚು. ‘ಎಸ್ತಾ ಕೊನ್ಸ್ತಿಪಾದೊ?’ ಎಂದು ಕೇಳಿದರೆ ಸ್ಪೇನಿನವನು ನೆಗಡಿಯ ವಿಚಾರವೆಂದು ತಿಳಿಯುತ್ತಾನೆ. ಅಮೆರಿಕ ಖಂಡದ ಅನೇಕ ಕಡೆ ಮಲಬದ್ಧತೆಯ ವಿಚಾರವೆಂದು ತಿಳಿಯುತ್ತಾರೆ. ‘ಎಸ್ತಾ ಎಂಬಾರಾಸಾದಾ?’ ಎಂದರೆ ಗರ್ಭಿಣಿಯೇ ಎಂದು. ಇಂಗ್ಲಿಷಿನ ‘ಎಂಬರಾಸ್ಡ್’ ಎಂಬ ಧ್ವನಿಸಾಮ್ಯವನ್ನು ನಂಬಿ ‘ಸಂಕೋಚವೇ?’ ಎಂದು ತಿಳಿದವನ ಗತಿಯನ್ನು ಊಹಿಸಿಕೊಳ್ಳಬಹುದು. 1980ರಲ್ಲಿ ಫ್ಲಾರಿಡಾದಲ್ಲಿ ನಡೆದ ಒಂದು ಪ್ರಸಂಗ ವೈದ್ಯಕೀಯ ಭಾಷಾಂತರವನ್ನು ಕುರಿತ ಚರ್ಚೆಗಳಲ್ಲಿ ಇಂದಿಗೂ ಬರುತ್ತದೆ. ಹದಿನೆಂಟು ವರ್ಷದ ತರುಣನೊಬ್ಬನನ್ನು ಪ್ರಜ್ಞೆಯಿಲ್ಲದೆ ಆಸ್ಪತ್ರೆಗೆ ತಂದರು. ಮನೆಯವರು ‘ಇಂತೊಕ್ಸಿಕಾದೊ’ ಎಂದರು. ಕ್ಯೂಬಾದವರ ಮಾತಿನಲ್ಲಿ ಅದಕ್ಕೆ ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗದೆ ಕಾಯಿಲೆ ಬಿದ್ದವನು ಎಂದರ್ಥ. ವೈದ್ಯರಿಗೆ ಕೇಳಿಸಿದ್ದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’. ಮಾದಕ ಪದಾರ್ಥ ಅತಿಯಾಗಿ ಸೇವಿಸಿದ್ದಾನೆಂದು ಚಿಕಿತ್ಸೆ ನಡೆಯಿತು. ನಿಜವಾಗಿ ಆಗಿದ್ದದ್ದು ಮಿದುಳಿನ ರಕ್ತಸ್ರಾವ. ಅದು ತಿಳಿಯುವ ವೇಳೆಗೆ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಿಹೋಗಿತ್ತು. ಪರಿಹಾರದ ಒಪ್ಪಂದ ಸುಮಾರು 7 ಕೋಟಿ 10 ಲಕ್ಷ ಡಾಲರಿನಷ್ಟಾಯಿತು ಎನ್ನುತ್ತಾರೆ. ಹಣದಿಂದ ಆ ತರುಣ ಎದ್ದು ನಡೆಯಲಿಲ್ಲ. ಅಲ್ಲಿದ್ದವರೆಲ್ಲರೂ ತಮಗೆ ಅರ್ಥವಾಯಿತೆಂದೇ ನಂಬಿದ್ದರು; ‘ಆ ಮಾತಿಗೆ ಅರ್ಥವೇನು?’ ಎಂಬ ಅತಿ ಸಣ್ಣ ಪ್ರಶ್ನೆಯೊಂದು ಕಾಣೆಯಾಗಿತ್ತು.

ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸುವ ಪದ್ಧತಿಯೂ ಯೋಚನೆಗೆ ಹಚ್ಚುವಂಥದು. ತುರ್ತು ಸಂದರ್ಭ ಹೊರತು ಎಳೆಯರ ಬಾಯಿಯಿಂದ ರೋಗಿಯ ಮಾತನ್ನು ಅನುವಾದ ಮಾಡಿಸಬಾರದೆಂದು 2016ರಲ್ಲಿ ಆ ದೇಶದ ಆರೋಗ್ಯ ಇಲಾಖೆ ನಿಯಮ ಮಾಡಿತು. ಅಂದು ಆ ಅಜ್ಜಿಯನ್ನು ಒಳಗೆ ಕರೆದಾಗ ದಾದಿ ಹುಡುಗನನ್ನು ಹೊರಗೇ ಕೂರಿಸಿ, ದೂರವಾಣಿಯಲ್ಲಿ ದುಭಾಷಿಯೊಬ್ಬರನ್ನು ಕರೆದರು. ನನಗೆ ಆಗ ಅದು ಅನಾವಶ್ಯಕ ಆಡಂಬರವಾಗಿ ಕಂಡಿತ್ತು. ಅಷ್ಟು ಚುರುಕಾದ ಹುಡುಗನಿರುವಾಗ ಬೇರೊಬ್ಬರೇಕೆ? ರೊಟ್ಟಿಯ ವಿಚಾರ ತಿಳಿದ ಮೇಲೆ ಆ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಕ್ಕಿತು.

ಈಗ ಯಂತ್ರವೇ ಅನುವಾದ ಮಾಡುತ್ತದಲ್ಲ, ಇನ್ನೇಕೆ ಈ ತಲೆನೋವು ಎಂದು ತರುಣ ಮಿತ್ರರು ಕೇಳುತ್ತಾರೆ. ಯಂತ್ರವನ್ನು ನಾನು ತೆಗಳಲಾರೆ. ಜೇಬಿನ ದೂರವಾಣಿಗೆ ‘ಕ್ವಾಂತೊಸ್ ಆನ್ಯೊಸ್ ತ್ಯೇನೆಸ್?’ ಎಂದರೆ, ನನ್ನ ಹಾಗೆ ಆಯುಸ್ಸನ್ನು ಎಣಿಸದೆ, ಸರಿಯಾಗಿಯೇ ವಯಸ್ಸನ್ನು ಕೇಳುತ್ತದೆ. ಆದರೆ ‘ವ್ಯೇನೆ ಮಾನ್ಯಾನಾ?’ ಎಂಬ ಮಾತು ಒಂಟಿಯಾಗಿ ಬಂದರೆ ಬರುವವನು ಅವನೋ, ಅವಳೋ, ಎದುರಿಗೆ ನಿಂತ ಹಿರಿಯರೋ ಎಂದು ಅದು ಊಹಿಸಬೇಕು. ಊಹಿಸಿದ್ದನ್ನು ಅದು ಊಹೆಯೆಂದು ಹೇಳುವುದು ಅಪರೂಪ. ಮನುಷ್ಯನಾದರೋ ಎದುರಿಗಿದ್ದವರ ಮುಖ ನೋಡಿ ‘ಯಾರ ವಿಚಾರ ಕೇಳಿದಿರಿ?’ ಎಂದು ವಿಚಾರಿಸಬಲ್ಲ. ಒಳ್ಳೆಯ ದುಭಾಷಿಯ ಮೊದಲ ಗುಣ ಬಲ್ಲೆನೆಂಬ ಧೈರ್ಯವಲ್ಲ, ಮತ್ತೊಮ್ಮೆ ಕೇಳುವ ವಿನಯ.

ಪದಾರ್ಥವನ್ನು ಹೇಳಿಕೊಡುವುದೇ ತಪ್ಪು ಎಂಬುದು ನನ್ನ ವಾದವಲ್ಲ. ‘ನಿನ್ನ ಬಳಿ ಎಷ್ಟು ವರ್ಷಗಳಿವೆ?’ ಎಂದು ಒಮ್ಮೆ ಹೇಳಿಕೊಂಡರೆ ಸ್ಪ್ಯಾನಿಷ್ ವಾಕ್ಯದ ಕಟ್ಟಡ ಮನಸ್ಸಿನಲ್ಲಿ ನಿಲ್ಲುತ್ತದೆ. ಮನೆ ಕಟ್ಟುವಾಗ ಸಾರುವೆ ಬೇಕು. ಆದರೆ ಗೃಹಪ್ರವೇಶದ ದಿನ ಅದನ್ನು ಬಿಚ್ಚಿರಬೇಕು. ನಮ್ಮ ಅಧ್ಯಾಪಕರಲ್ಲಿ ನನ್ನ ವಿನಂತಿ ಎರಡು. ಮೊದಲನೆಯದು, ಈ ಪ್ರಶ್ನೆಗಳನ್ನು ಮೊದಲ ವಾರದ ಮಕ್ಕಳ ಪಾಠವೆಂದು ಮುಗಿಸಿಬಿಡಬೇಡಿ. ಯಾರು ಯಾರನ್ನು ಕೇಳುತ್ತಿದ್ದಾರೆ, ಯಾವ ಉತ್ತರವನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದನ್ನು ಪ್ರಶ್ನೆಯ ಜೊತೆಗೇ ಕಲಿಸಿ. ಎರಡನೆಯದು, ಕನ್ನಡ ಬಲ್ಲ ವಿದ್ಯಾರ್ಥಿಯನ್ನು ಎಲ್ಲ ವಿದೇಶೀ ಭಾಷೆಗಳಿಗೂ ಇಂಗ್ಲಿಷಿನ ಬಾಗಿಲಿನಿಂದಲೇ ಕರೆದೊಯ್ಯಬೇಡಿ. ನಮ್ಮ ಕೈಗೆ ಬರುವ ಸ್ಪ್ಯಾನಿಷ್ ಪಠ್ಯಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷ್ ಮಕ್ಕಳಿಗಾಗಿ ಬರೆದವು. ಅವರಿಗೆ ಕಷ್ಟವಾದದ್ದನ್ನು ನಮಗೂ ಕಷ್ಟವೆಂದು ಅವು ಹೇಳುತ್ತವೆ. ‘ನಿನಗೆ ಇಷ್ಟವೇ?’ ಎನ್ನಬಲ್ಲ ಹುಡುಗಿಗೆ ಆ ಕಷ್ಟವಿಲ್ಲ. ತನ್ನ ಮನೆಯ ಹಿತ್ತಿಲ ಬಾಗಿಲೇ ಆ ಬೀದಿಗೆ ತೆರೆದಿದೆ ಎಂಬುದನ್ನು ಯಾರಾದರೂ ಅವಳಿಗೆ ತೋರಿಸಬೇಕು.

ಮುಂದಿನ ಸಲ ಮಗಳ ಊರಿಗೆ ಹೋದಾಗ ಆ ಅಜ್ಜಿ ಮತ್ತೆ ಕಂಡಾರೆಂಬ ಭರವಸೆ ನನಗಿಲ್ಲ. ಕಂಡರೆ ಹೇಳಬೇಕಾದ ಮಾತನ್ನು ಮಾತ್ರ ಬಾಯಿಪಾಠ ಮಾಡಿಟ್ಟಿದ್ದೇನೆ. ಅವರು ‘ಗುಸ್ತಾ?’ ಎಂದರೆ, ಈ ಸಲ ಎಷ್ಟೇ ಹಸಿವಾಗಿರಲಿ, ‘ಬ್ವೆನ್ ಪ್ರೊವೇಚೊ’ ಎನ್ನುತ್ತೇನೆ. ಅವರು ಎರಡನೆಯ ಸಲವೂ ಒತ್ತಾಯ ಮಾಡಿದರೆ ಆಗ ಏನು ಹೇಳಬೇಕೆಂಬುದನ್ನು ಉಪಾಧ್ಯಾಯಿನಿಯವರು ಇನ್ನೂ ಕಲಿಸಿಲ್ಲ.